ಯಜಮಾನ್ತಿಯ ಬೇಡ

ಆ ಕೋಣೆ ಮೊದಲು ಶಾಲೆಯ ಉಗ್ರಾಣವಾಗಿತ್ತು. ಈಗಲೂ ಅರ್ಧ ಉಗ್ರಾಣವೇ. ಒಂದು ಮೂಲೆಯಲ್ಲಿ ಹರಿದ ಕಸರತ್ತಿನ ಚಾಪೆಗಳು, ಕಾಲು ಮುರಿದ ಬೆಂಚು, ಕಂಬಿಯಿಂದ ಕಳಚಿಬಿದ್ದ ಭೂಗೋಳ. ಉಳಿದ ಜಾಗದಲ್ಲಿ ಐದು ಮಕ್ಕಳು, ಐದು ಟ್ಯಾಬ್‌ಗಳು, ಒಬ್ಬ ಆಯಮ್ಮ, ಒಬ್ಬ ಟೀಚರಮ್ಮ. ಬೇರೆ ತರಗತಿಗಳಿಗೆ ಹೊಂದಿಕೊಳ್ಳದ ಮಕ್ಕಳು ಇಲ್ಲಿ ಕಲಿಯುತ್ತಾರೆ ಎಂದು ಮುಖ್ಯೋಪಾಧ್ಯಾಯಿನಿ ಬಂದವರಿಗೆಲ್ಲ ಹೇಳುತ್ತಿದ್ದಳು. ಆಕೆಯನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತಿದ್ದರು. ಹೊಂದಿಕೊಳ್ಳದಿರುವುದು ಮಕ್ಕಳಲ್ಲ, ತರಗತಿಗಳು ಎಂದು ಟೀಚರಮ್ಮ ಒಂದು ಕಾಲದಲ್ಲಿ ಮೇಜು ಕುಟ್ಟಿ ವಾದಿಸಿದ್ದುಂಟು. ಈಗ ವಾದಿಸುವ ಕಸುವು ಇರಲಿಲ್ಲ.

ಕಸುವು ಎಲ್ಲಿಂದ ಬರಬೇಕು? ಆರನೇ ತರಗತಿಯ ಮೇಷ್ಟ್ರು ರಜಾ ಹಾಕಿದರೆ ಇವಳೇ ಹೋಗಬೇಕು. ಆಟದ ಮೇಷ್ಟ್ರಿಗೆ ಬೆನ್ನು ಹಿಡಿದರೂ ಇವಳೇ. "ನಿಮ್ಮ ಕ್ಲಾಸಲ್ಲಿ ಇರೋದೇ ಐದು ಮಕ್ಕಳಲ್ವಾ?" ಎಂದು ದೊಡ್ಡ ಮಿಸ್ ಬಾಗಿಲಲ್ಲಿ ತಲೆ ತೂರಿಸಿದರೆ ಇವಳ ಬಾಯಿಂದ "ಆಯ್ತು ಮೇಡಂ" ತಾನಾಗಿ ಜಾರಿಬಿಡುತ್ತಿತ್ತು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬುದು ಅವಳಿಗೆ ಗೊತ್ತಿಲ್ಲದ ಗಾದೆಯೇನಲ್ಲ. ಮನೆಯಲ್ಲೂ ಅದೇ ಕತೆ. ಗಂಡ, ಇಬ್ಬರು ಗಂಡುಮಕ್ಕಳು, ಮೊಣಕಾಲು ನೋವಿನ ಅತ್ತೆ, ನಾಲ್ವರೂ ಅವಳನ್ನು ಕೂಗುವಾಗ ಒಂದೇ ರಾಗ ಹಿಡಿಯುತ್ತಿದ್ದರು. ಬೇಡ ಎನ್ನುವ ಪದ ಅವಳ ಬಾಯಲ್ಲಿ ತುಕ್ಕು ಹಿಡಿದು ಎಷ್ಟು ಕಾಲವಾಗಿತ್ತೋ.

ಆದರೆ ಅದೇ ಪದ ಅವಳದೇ ದನಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಆ ಕೋಣೆಯಲ್ಲಿ ಮೊಳಗುತ್ತಿತ್ತು.

ಆ ದನಿಯ ಒಡತಿ ಒಂಬತ್ತು ವರ್ಷದ ಒಬ್ಬ ಹುಡುಗಿ. ಹುಟ್ಟಿದಾಗಿನಿಂದ ಅವಳ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಟ್ಯಾಬ್ ಬಂದ ಮೇಲೆ ಮಾತು ಬಂತು. ಪರದೆಯ ಮೇಲೆ ಚೌಕ ಚೌಕವಾಗಿ ಚಿತ್ರಗಳು. ನೀರಿನ ಲೋಟ ಒತ್ತಿದರೆ 'ನೀರು', ಬಾಗಿಲು ಒತ್ತಿದರೆ 'ಹೊರಗೆ', ನಗುಮುಖ ಒತ್ತಿದರೆ 'ಖುಷಿ'. ಯಂತ್ರದ ಸ್ವಂತ ದನಿ ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗಿದ್ದುದರಿಂದ ಟೀಚರಮ್ಮ ಒಂದು ಸಂಜೆ ಶಾಲೆ ಖಾಲಿಯಾದ ಮೇಲೆ ಕೂತು ಎಲ್ಲ ಪದಗಳನ್ನೂ ತನ್ನ ದನಿಯಲ್ಲೇ ಹೇಳಿ ತುಂಬಿಸಿದ್ದಳು. ಅಕ್ಕರೆಯಿಂದ ಶುರುವಾದ ಕೆಲಸ, ಕೊನೆಗೆ ಬರುವಷ್ಟರಲ್ಲಿ ಗಂಟಲು ಒಣಗಿ, ಬಸ್ಸಿನ ಹೊತ್ತು ಮೀರಿ, ಸಾಕೋ ಸಾಕು ಎನಿಸಿತ್ತು. ಕಟ್ಟಕಡೆಯ ಪದ 'ಬೇಡ'. ಅದೊಂದನ್ನು ಮಾತ್ರ ಅವಳು ನಟಿಸಬೇಕಾಗಿರಲಿಲ್ಲ. ಎದೆಯಾಳದಿಂದ ಬಂದಿತ್ತು.

ಹುಡುಗಿಗೆ ಹಿಡಿಸಿದ್ದೂ ಅದೇ. ಎಡಗಡೆ ಕೆಳಮೂಲೆಯಲ್ಲಿ ಅಡ್ಡ ಹಿಡಿದ ಅಂಗೈಯ ಚಿತ್ರ. ಅದನ್ನು ಒತ್ತಿದರೆ ಜನ ನಿಲ್ಲುತ್ತಾರೆ, ಚಾಚಿದ ಚಮಚ ಹಿಂದೆ ಹೋಗುತ್ತದೆ, ಬಾಚಣಿಗೆ ಕೆಳಗಿಳಿಯುತ್ತದೆ. ಇಷ್ಟು ವರ್ಷ ಕಿರುಚಿ, ಕೈ ಕಚ್ಚಿಕೊಂಡು, ನೆಲಕ್ಕೆ ಬಿದ್ದು ಹೊರಳಿದರೂ ಆಗದಿದ್ದುದು ಒಂದು ಬೆರಳಿಗೆ ಆಗುತ್ತಿತ್ತು. ಅಕ್ಷರ ಬೇಡ, ಅಂಕಿ ಬೇಡ, ಮಣಿ ಪೋಣಿಸುವುದು ಬೇಡ. ಆಯಮ್ಮ ಮೂಗು ಒರೆಸಲು ಹೋದರೂ ಬೇಡ. "ಅಬ್ಬಬ್ಬಾ, ಯಜಮಾನ್ತಿ ಅಪ್ಪಣೆ ಆಯ್ತು!" ಎಂದು ಆಯಮ್ಮ ಕೈಮುಗಿದು ಹಿಂದೆ ಸರಿದ ದಿನದಿಂದ ಹುಡುಗಿಗೆ ಯಜಮಾನ್ತಿ ಎಂಬ ಹೆಸರೇ ನಿಂತಿತು.

ಆ ಬೇಡದಿಂದ ಹಿಗ್ಗಿದವಳೆಂದರೆ ಹುಡುಗಿಯ ತಾಯಿ. ಆಕೆ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಶಾಲೆಯ ಗೇಟಿಗೆ ಓಡೋಡಿ ಬರುತ್ತಿದ್ದಳು. ಟ್ಯಾಬ್ ಮನೆಗೆ ಹೋದ ಮೊದಲ ವಾರವೇ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಾ ಬಂದಿದ್ದಳು.

"ಮಿಸ್, ನನ್ನ ಮಗಳಿಗೆ ಹಾಲು ಇಷ್ಟ ಇಲ್ವಂತೆ! ಇಷ್ಟು ವರ್ಷ ದಿನಾ ಎರಡು ಹೊತ್ತು ಮೂಗು ಹಿಡಿದು ಕುಡಿಸಿದೀನಿ ನಾನು. ಕುಡಿಯಲ್ಲ ಅಂತ ಹಟ ಮಾಡ್ತಾಳೆ, ಕೊಬ್ಬು ಅಂದ್ಕೊಂಡಿದ್ದೆ. ನಿನ್ನೆ ಲೋಟ ನೋಡಿ ಬೇಡ ಅಂದ್ಳು, ಎಷ್ಟು ಸಲೀಸಾಗಿ. ಪಾಪಿ ಕಣ್ರೀ ನಾನು."

ಆ ದಿನ ಟೀಚರಮ್ಮನೂ ಕಣ್ಣೊರೆಸಿಕೊಂಡಿದ್ದಳು. ಆದರೆ ಕಣ್ಣೊರೆಸಿಕೊಳ್ಳುವುದು ಒಂದು ದಿನದ ಮಾತು, ಬೇಡ ಕೇಳುವುದು ದಿನದಿನದ ಮಾತು. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಹಾಗೆ ತನ್ನ ದನಿಯೇ ತನ್ನನ್ನು ತಡೆಯುತ್ತಿತ್ತು. ಕಷ್ಟಪಟ್ಟು ಸಿದ್ಧಪಡಿಸಿದ ಪಾಠ ಎದುರಿಗಿಟ್ಟರೆ 'ಬೇಡ'. ಬೇರೆ ಪಾಠ ಇಟ್ಟರೆ ಅದೂ 'ಬೇಡ'. ಅದೂ ಆ ಸುಸ್ತಾದ ಸಂಜೆಯ ಬೇಡ. ಕೆಲವೊಮ್ಮೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಅದೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಹೀಗಿರುವಾಗ ಸುದ್ದಿ ಬಂತು: ಟ್ಯಾಬ್ ಕೊಟ್ಟ ಸಂಸ್ಥೆಯವರು ಗುರುವಾರ ನೋಡಲು ಬರುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಕೋಣೆ ಮುಂದಿನ ವರ್ಷವೂ ನಡೆಯುತ್ತದೆ, ಇಲ್ಲದಿದ್ದರೆ ಮತ್ತೆ ಉಗ್ರಾಣ.

"ಮಕ್ಕಳು ಚೆನ್ನಾಗಿ ಮಾತಾಡ್ಬೇಕು," ಎಂದಳು ದೊಡ್ಡ ಮಿಸ್, ಯಜಮಾನ್ತಿಯ ಕಡೆ ಕಣ್ಣು ಹಾಯಿಸಿ. "ಇವಳದು ಬರೀ ಅಪಶಕುನ. ಅವರ ಮುಖಕ್ಕೇ ಬೇಡ ಬೇಡ ಅಂದ್ರೆ ಏನ್ ಚೆನ್ನಾಗಿರುತ್ತೆ? ಏನಾದ್ರೂ ಮಾಡಿ."

"ಆಯ್ತು ಮೇಡಂ."

ಸೋಮವಾರ ಮಧ್ಯಾಹ್ನ ಯಜಮಾನ್ತಿ ಮಣಿಗಳ ತಟ್ಟೆಯನ್ನು ಬೇಡ ಎಂದಳು. ಪುಸ್ತಕವನ್ನೂ ಬೇಡ ಎಂದಳು. ಟೀಚರಮ್ಮನ ತಲೆ ಸಿಡಿಯುತ್ತಿತ್ತು. ಅವಳು ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಂಡು, ಗುಪ್ತಸಂಖ್ಯೆ ಒತ್ತಿ, ಆ ಅಂಗೈಯ ಚೌಕದ ಮೇಲೆ ಬೆರಳಿಟ್ಟು ಹಿಡಿದಳು. 'ಅಳಿಸು', 'ಮರೆಮಾಡು' ಎಂಬ ಎರಡು ಆಯ್ಕೆಗಳು ಬಂದವು. ಅಳಿಸಲು ಮನಸ್ಸಾಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರೆಮಾಡಿದಳು. ಗುರುವಾರ ಕಳೆಯಲಿ, ಅದೇ ಸಂಜೆ ವಾಪಸು ಹಾಕಿದರಾಯಿತು.

ಕೆಳಮೂಲೆ ಬೆಳ್ಳಗೆ ಖಾಲಿಯಾಯಿತು. ಕೋಣೆಯಲ್ಲಿ ಎಂಥ ನಿಶ್ಶಬ್ದ! ಅವಳು ಬಹಳ ದಿನಗಳ ಮೇಲೆ ಕುರ್ಚಿಗೆ ಒರಗಿ, ಬಿಸಿಯಾಗಿರುವಾಗಲೇ ಚಹಾ ಕುಡಿದಳು. ಅದು ರುಚಿಯಾಗಿಯೇ ಇತ್ತು, ಆ ಮಾತನ್ನು ಮುಚ್ಚಿಡುವುದೇಕೆ?

ಸಂಜೆ ತಾಯಿ ಕೈಚಾಚಿದಾಗ ಮಾತ್ರ ಒಂದು ಸುಳ್ಳು ಹೇಳಬೇಕಾಯಿತು. "ಟ್ಯಾಬ್‌ಗೆ ಏನೋ ಹೊಸದು ಹಾಕ್ಬೇಕಮ್ಮ, ಗುರುವಾರದವರೆಗೆ ಇಲ್ಲೇ ಇರ್ಲಿ."

ತಾಯಿ ಮುಖ ಸಣ್ಣದು ಮಾಡಿದಳು, ಆದರೂ ತಲೆಯಾಡಿಸಿದಳು. ಮಿಸ್ ಹೇಳಿದ ಮೇಲೆ ಮುಗಿಯಿತು. ಬುಧವಾರ ಮಾತ್ರ ಮಗಳ ಮಣಿಕಟ್ಟನ್ನು ಮುಂದೆ ಹಿಡಿದಳು. ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು. "ಮತ್ತೆ ಕಚ್ಕೊಳ್ಳೋಕೆ ಶುರು ಮಾಡಿದಾಳೆ ಮಿಸ್. ಟ್ಯಾಬ್ ಇಲ್ವಲ್ಲ, ಅದಕ್ಕೇ. ನಾಳೆ ಕೊಡ್ತೀರಲ್ವಾ?"

"ನಾಳೆ ಕೊಡ್ತೀನಿ," ಎಂದಳು ಟೀಚರಮ್ಮ, ಮಣಿಕಟ್ಟಿನ ಕಡೆ ನೋಡದೆ. ಶಾಲೆಯಲ್ಲೂ ಹುಡುಗಿ ಕಚ್ಚಿಕೊಳ್ಳುತ್ತಿದ್ದುದನ್ನು ಅವಳು ನೋಡಿದ್ದಳು. ಇನ್ನೊಂದೇ ದಿನ ತಾನೇ ಎಂದು ಮನಸ್ಸಿಗೆ ಸಮಾಧಾನ ಹೇಳಿದ್ದಳು.

ಗುರುವಾರ ಸಂಸ್ಥೆಯ ಅಧ್ಯಕ್ಷೆ ಬಂದಳು. ಹಿಂದೆ ಒಬ್ಬ ಛಾಯಾಗ್ರಾಹಕ, ಪಕ್ಕದಲ್ಲಿ ದೊಡ್ಡ ಮಿಸ್. ಆಕೆ ಬರುವ ಮುಂಚೆ ಆಕೆಯ ಸೆಂಟಿನ ವಾಸನೆ ಬಂತು. ಕೆಟ್ಟ ಹೆಂಗಸೇನಲ್ಲ. ಗಾಲಿಕುರ್ಚಿಯಲ್ಲಿದ್ದ ಒಬ್ಬ ಹುಡುಗನ ಎದುರು ಮಂಡಿಯೂರಿ ಕೂತು ಅವನು ಬರೆದ ವಾಕ್ಯವನ್ನು ಪೂರ್ತಿ ಓದಿದಳು, ಅವನ ತಮಾಷೆಗೆ ನಿಜವಾಗಿಯೂ ನಕ್ಕಳು. ಕೊನೆಗೆ ಯಜಮಾನ್ತಿಯ ಹತ್ತಿರ ಬಂದಳು.

"ಹೇಗಿದೀಯ ಪುಟ್ಟಾ?"

ಹುಡುಗಿ ಕಲಿಸಿದ ಹಾಗೆ ನಗುಮುಖ ಒತ್ತಿದಳು. 'ಖುಷಿ' ಎಂದಿತು ಟ್ಯಾಬ್. ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಮಿಸ್ ಟೀಚರಮ್ಮನಿಗೆ ಭೇಷ್ ಎಂಬಂತೆ ಕಣ್ಣು ಮಿಟುಕಿಸಿದಳು.

"ಅಯ್ಯೋ ಬಂಗಾರ! ಬಾ, ನನ್ನ ತೊಡೆ ಮೇಲೆ ಕೂತ್ಕೊ, ಒಂದು ಫೋಟೋ ತೆಗೆಸ್ಕೊಳ್ಳೋಣ," ಎಂದು ಅಧ್ಯಕ್ಷೆ ಹುಡುಗಿಯ ಹಿಂದೆ ಕೂತು ಸೊಂಟಕ್ಕೆ ಕೈ ಹಾಕಿದಳು.

ಹಿಂದಿನಿಂದ ಯಾರಾದರೂ ಮುಟ್ಟಿದರೆ ಆ ಮಗು ಸೆಟೆದುಕೊಳ್ಳುತ್ತದೆ. ಇದು ಕೋಣೆಯವರಿಗೆಲ್ಲ ಗೊತ್ತು. ಹುಡುಗಿಯ ತೋರುಬೆರಳು ಎಡಗಡೆಯ ಕೆಳಮೂಲೆಗೆ ಹೋಯಿತು. ನೋಡಬೇಕಾದ ಅಗತ್ಯವೇ ಇಲ್ಲದ ಹಾಗೆ, ಕತ್ತಲಲ್ಲಿ ನಮ್ಮ ಕೈ ಮನೆಯ ಸ್ವಿಚ್ಚಿಗೆ ಹೋಗುತ್ತದಲ್ಲ, ಹಾಗೆ. ಖಾಲಿ ಚೌಕವನ್ನು ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ಉಗುರು ಗಾಜಿಗೆ ತಗುಲಿ ಟಕ್ ಎಂದಿತು. ಟಕ್, ಟಕ್.

"ನೋಡಿ, ಎಷ್ಟು ಚೆನ್ನಾಗಿ ಆಡ್ತಾಳೆ!" ಎಂದಳು ಅಧ್ಯಕ್ಷೆ. ಛಾಯಾಗ್ರಾಹಕ ಒಂದು ಮಂಡಿ ಊರಿದ.

ಬೆರಳು ನಿಲ್ಲಲಿಲ್ಲ. ಹುಡುಗಿ ತಲೆಯೆತ್ತಿ ಟೀಚರಮ್ಮನನ್ನು ನೋಡಿದಳು. ಯಾರ ಮುಖವನ್ನೂ ನೇರವಾಗಿ ನೋಡದ ಮಗು ಅದು. ಆ ನೋಟದಲ್ಲಿ ದೂರು ಇರಲಿಲ್ಲ. ಇಲ್ಲಿ ಇದ್ದದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಮಾತ್ರ ಇತ್ತು. ಆಮೇಲೆ ಇನ್ನೊಂದು ಕೈ ಮೆಲ್ಲಗೆ ಬಾಯಿಯ ಕಡೆಗೆ ಏಳತೊಡಗಿತು. ಮಗುವಿನ ಬಾಯಿಂದ ಟೀಚರಮ್ಮನೇ ಮಾತು ಕಿತ್ತುಕೊಂಡಿದ್ದಳು, ಒಂದು ಲೋಟ ಬಿಸಿ ಚಹಾಕ್ಕಾಗಿ.

"ಬೇಡ," ಎಂದಳು ಟೀಚರಮ್ಮ.

ಕೂಗಿ ಹೇಳಲಿಲ್ಲ. ಅದೇ ದನಿ, ಅದೇ ಸುಸ್ತು, ಟ್ಯಾಬಿನೊಳಗಿಂದ ಬಂದಷ್ಟೇ ಚಪ್ಪಟೆಯಾಗಿ. ಮೂಲೆಯಲ್ಲಿದ್ದ ಆಯಮ್ಮ ಅಭ್ಯಾಸಬಲದಿಂದ ಟ್ಯಾಬಿನ ಕಡೆ ನೋಡಿದಳು.

"ಏನಂದ್ರಿ?" ಎಂದಳು ಅಧ್ಯಕ್ಷೆ.

"ನಾನಲ್ಲ ಮೇಡಂ, ಅವಳು ಹೇಳ್ತಿರೋದು. ಆ ಖಾಲಿ ಜಾಗದಲ್ಲಿ ಅವಳ ಬೇಡ ಇತ್ತು. ನೀವು ಬರ್ತೀರಿ ಅಂತ ನಾನೇ ಮುಚ್ಚಿಟ್ಟೆ. ದಯವಿಟ್ಟು ಕೈ ತೆಗೀರಿ."

ಅಧ್ಯಕ್ಷೆ ಕೈ ತೆಗೆದಳು. ಎದ್ದು ನಿಂತು ಬಟ್ಟೆ ಸರಿಮಾಡಿಕೊಂಡಳು. "ಬೇರೆ ಕ್ಲಾಸ್ ನೋಡೋಣ್ವಾ?" ಎಂದು ದೊಡ್ಡ ಮಿಸ್ಸನ್ನು ಕೇಳಿದಳು. ಫೋಟೋ ಆಗಲಿಲ್ಲ. ದೊಡ್ಡ ಮಿಸ್ ಬಾಗಿಲು ದಾಟುವಾಗ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಎರಡು ನಿಮಿಷ ತಡ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ? ಕೋಣೆ ಹೋದ್ರೆ ಯಾರಿಗೆ ನಷ್ಟ?" ಕೋಣೆ ಹೋದರೂ ಹೋಗಬಹುದು. ಆ ಭಯ ಟೀಚರಮ್ಮನನ್ನು ಆ ಹೊತ್ತಿಗೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ.

ಅವಳು ಹುಡುಗಿಯ ಎದುರು ನೆಲದ ಮೇಲೆ ಕೂತಳು. ಈ ಸಲ ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಳ್ಳಲಿಲ್ಲ. ತಲೆಕೆಳಗಾಗಿಯೇ ಗುಪ್ತಸಂಖ್ಯೆ ಒತ್ತಿದಳು. ಅಂಗೈಯ ಚಿತ್ರ ಮೂಲೆಗೆ ಮರಳಿತು. ಹುಡುಗಿ ಅದನ್ನೇ ದಿಟ್ಟಿಸಿದಳು, ಒತ್ತಲಿಲ್ಲ. ಬೆರಳ ತುದಿಯಿಂದ ಅದರ ನಾಲ್ಕು ಅಂಚನ್ನೂ ಸವರಿದಳು.

ಸಂಜೆ ಗಂಟೆ ಹೊಡೆಯಿತು. ಪ್ರತಿದಿನ ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರಿನಲ್ಲಿ ಇಬ್ಬರೂ ಕೈಹಿಡಿದು ಗೇಟಿನವರೆಗೆ ಹೋಗುವುದು ರೂಢಿ. ಇಡೀ ದಿನದಲ್ಲಿ ಆ ಮಗು ತಾನಾಗಿ ಯಾರಿಗಾದರೂ ಕೈ ಕೊಡುತ್ತಿದ್ದುದು ಅಲ್ಲಿ ಮಾತ್ರ, ಅದೂ ಟೀಚರಮ್ಮನಿಗೆ ಮಾತ್ರ. ಎಷ್ಟು ದಣಿದ ದಿನವಾದರೂ ಆ ಪುಟ್ಟ ಬೆವರುಗೈ ಸಿಕ್ಕಿದರೆ ಅವಳಿಗೆ ನಾಳೆ ಮತ್ತೆ ಬರಬೇಕೆನಿಸುತ್ತಿತ್ತು. ಇವತ್ತೂ ಅವಳು ಕೈ ಚಾಚಿದಳು.

ಹುಡುಗಿ ಚಾಚಿದ ಕೈಯನ್ನು ನೋಡಿದಳು. ಎದೆಗೆ ನೇತುಹಾಕಿಕೊಂಡಿದ್ದ ಟ್ಯಾಬಿನ ಕೆಳಮೂಲೆಯನ್ನು ಒತ್ತಿದಳು.

'ಬೇಡ.'

ಗೇಟಿನಲ್ಲಿ ನಿಂತಿದ್ದ ತಾಯಿಗೂ ಅದು ಕೇಳಿಸಿತು. "ಬಂತಾ ಮಿಸ್, ವಾಪಸ್ ಬಂತಾ!" ಎಂದು ಅಲ್ಲಿಂದಲೇ ಕೂಗಿದಳು, ಮುಖವೆಲ್ಲ ನಗುವಾಗಿ. ಆಕೆಗೆ ನಿಜ ಹೇಳಬೇಕಿತ್ತು, ಈಗಲೇ, ಈ ಗೇಟಿನಲ್ಲೇ.

ಟೀಚರಮ್ಮನ ಕಣ್ಣು ತುಂಬಿ ಬಂತು. ನೋವಾಯಿತು, ಚೆನ್ನಾಗಿಯೇ ನೋವಾಯಿತು. "ಆಯ್ತು ಯಜಮಾನ್ತಿ," ಎಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹುಡುಗಿಗೆ ಮುಂದೆ ದಾರಿ ಬಿಟ್ಟು, ತಾನು ಹಿಂದೆ ನಡೆದಳು.