ಗವೀನಾಳ ಕೈಯ ಮಣಿ

ನನ್ನ ಗಂಡ ಬಾಕೀಸಿಯೊ ಬೆಳ್ಳಿ ಕೆಲಸದವನು, ನಾನು ಮಾತಿನ ಕೆಲಸದವಳು. ಅವನು ಒಳಕೋಣೆಯಲ್ಲಿ ಕೂತು ಕೂದಲೆಳೆಯಂಥ ತಂತಿಯನ್ನು ಸುರುಳಿ ಸುತ್ತುತ್ತಾನೆ, ನಾನು ಮುಂದೆ ಕೌಂಟರಿನ ಹಿಂದೆ ನಿಂತು ಅದನ್ನು ಮಾರುತ್ತೇನೆ. ಮಾಡುವುದು ದೊಡ್ಡದೋ ಮಾರುವುದು ದೊಡ್ಡದೋ ಎಂಬ ಜಗಳ ಮದುವೆಯಾದಂದಿನಿಂದ ನಡೆದಿದೆ, ಇನ್ನೂ ತೀರ್ಪಾಗಿಲ್ಲ.

ಅಂಗಡಿಯಲ್ಲಿ ಉಂಗುರ, ಓಲೆ, ಬೆಳ್ಳಿ ಗುಂಡಿ ಎಲ್ಲ ಇವೆ. ಆದರೆ ಹೆಚ್ಚು ಹೋಗುವುದು ದೃಷ್ಟಿಮಣಿ. ಬೆಟ್ಟದಲ್ಲಿ ಸಿಗುವ, ಗಾಜಿನಂತೆ ಹೊಳೆಯುವ ಕಪ್ಪು ಕಲ್ಲನ್ನು ಗುಂಡಗೆ ಉಜ್ಜಿ, ತೂತು ಕೊರೆದು, ಮೇಲೊಂದು ಕೆಳಗೊಂದು ಪುಟ್ಟ ಬೆಳ್ಳಿ ಬಟ್ಟಲು ಕೂರಿಸಿ, ನಡುವೆ ಬೆಳ್ಳಿ ಕಡ್ಡಿ ತೂರಿಸಿ ತುದಿ ಬಡಿದರೆ ಮಣಿಯಾಯಿತು. ನಮ್ಮ ಸಾರ್ಡೀನಿಯಾದ ಈ ಬೆಟ್ಟದೂರುಗಳಲ್ಲಿ ಮೊಮ್ಮಗುವಿನ ತೊಟ್ಟಿಲಿಗೆ ಅದನ್ನು ಕಟ್ಟದ ಅಜ್ಜಿ ಅಜ್ಜಿಯೇ ಅಲ್ಲ. ಕೆಟ್ಟ ಕಣ್ಣು ಬಿದ್ದರೆ ಮಗುವಿಗೆ ಏನೂ ಆಗುವುದಿಲ್ಲ, ಬದಲಿಗೆ ಮಣಿ ಸಿಡಿಯುತ್ತದೆ. ಸಿಡಿದದ್ದನ್ನು ತಂದು ತೋರಿಸಿ, ನಗುನಗುತ್ತಾ ಹೊಸದು ಕೊಂಡು ಹೋಗುತ್ತಾರೆ. ಮುರಿದ ಮಾಲಿಗೆ ಗಿರಾಕಿಯೇ ಉಪಕಾರ ಹೇಳುವ ವ್ಯಾಪಾರ ಬೇರೆ ಎಲ್ಲಾದರೂ ಇದ್ದರೆ ನನಗೂ ತಿಳಿಸಿ.

ಬಾಕೀಸಿಯೊನ ತಂಗಿಯ ಮಗಳು ಗವೀನಾ ಕೆಲಸ ಕಲಿಯುತ್ತೇನೆಂದು ಬಂದಾಗ ಅವಳ ತಲೆಯಲ್ಲಿ ಆಗಲೇ ಒಂದೆರಡು ಬಿಳಿ ಕೂದಲಿದ್ದವು. ಅಷ್ಟು ವರ್ಷ ಊರಾಚೆಯ ಚೀಸ್ ಕಾರ್ಖಾನೆಯಲ್ಲಿ ದುಡಿದವಳು. ಅದು ಬಾಗಿಲು ಹಾಕಿತು. ನಮಗೆ ಮಕ್ಕಳಿಲ್ಲ, ಬಾಕೀಸಿಯೊನ ಕಣ್ಣಿಗೆ ಪೊರೆ ಬರುತ್ತಿತ್ತು. "ಒಂದು ವರ್ಷ ನೋಡ್ತೀನಿ. ಕೈ ಕೂತ್ರೆ ಅಂಗಡಿ ನಿನಗೇ" ಎಂದ. ಅವನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದು ಕೇಳಿ ನಾನೇ ಬೆರಗಾದೆ.

ಕೈಯೇನೋ ಕೂತಿತು. ಬಾಯಿ ಮಾತ್ರ ಕೂರಲಿಲ್ಲ. ಗವೀನಾಳಿಗೆ ಎಲ್ಲದಕ್ಕೂ 'ಯಾಕೆ' ಬೇಕು.

"ಬಟ್ಟಲ ನಡುವೆ ಮಣಿ ತಿರುಗಬೇಕು" ಎಂದು ಬಾಕೀಸಿಯೊ ಹೇಳಿಕೊಟ್ಟ. "ಉಗುರಲ್ಲಿ ತಳ್ಳಿದ್ರೆ ತಿರುಗಬೇಕು, ಅಷ್ಟು ಜಾಗ ಬಿಡು."

"ಯಾಕೆ ಮಾವ? ಅಲ್ಲಾಡ್ತಾ ಇದ್ರೆ ಕೆಲಸ ಸಡಿಲ ಅಂತ ಅಲ್ವಾ?"

"ನಮ್ಮಪ್ಪ ಹಾಗೇ ಹೇಳಿದ್ದು."

"ನೀವು ಯಾಕೆ ಅಂತ ಕೇಳಲಿಲ್ವಾ?"

"ಕೇಳಿದ್ರೆ ಹೊಡೀತಿದ್ದ. ಬಡಿ, ಬಡಿ."

ಕೌಂಟರಿನಲ್ಲಿ ಅವಳು ಇನ್ನೂ ಕಷ್ಟ. ಮದುವಣಗಿತ್ತಿಯೊಬ್ಬಳು ಓಲೆ ಹಿಡಿದು ಕನ್ನಡಿ ಮುಂದೆ ನಿಂತು ಮರುಳಾಗಿದ್ದಾಗ, "ಎಡಗಡೆದು ಒಂಚೂರು ಸೊಟ್ಟ ಇದೆ, ನಾನು ಮಾಡಿದ್ದು" ಎಂದಳು! ಮದುವಣಗಿತ್ತಿ ಹೋದ ಮೇಲೆ ನಾನು ತಲೆ ಚಚ್ಚಿಕೊಂಡೆ. "ನೀನು ಡಬ್ಬಿ ಬಾಯಿ ತೆಗಿ, ನಿನ್ನ ಬಾಯಿ ಮುಚ್ಚು. ವ್ಯಾಪಾರ ಅಂದ್ರೆ ಅಷ್ಟೇ ಕಣೇ."

ಶರತ್ಕಾಲದಲ್ಲಿ ಬಾಕೀಸಿಯೊನ ಎರಡೂ ಕಣ್ಣಿಗೆ, ಒಂದಾದ ಮೇಲೊಂದರಂತೆ, ಆಪರೇಷನ್ ಆಯಿತು. ಅವನು ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಗೊಣಗುತ್ತಾ ಮಲಗಿದ. ಮಣಿಗಳನ್ನು ಪೂರ್ತಿ ಗವೀನಾಳೇ ಮಾಡಿದಳು. ಎಂಥ ಮಣಿ! ಒಂದೂ ಅಲ್ಲಾಡುತ್ತಿರಲಿಲ್ಲ. ಚೀಸ್ ಅಚ್ಚಿನಲ್ಲಿ ಗಾಳಿ ಉಳಿಯದಂತೆ ಒತ್ತಿ ಅಭ್ಯಾಸವಾದ ಕೈ ಅದು. ನಾನು ಹೆಮ್ಮೆಯಿಂದ ಮಾರಿದೆ. ಆ ಕಾಲಕ್ಕೆ ಊರಲ್ಲಿ ತೊಟ್ಟಿಲುಗಳಿಗೂ ಬರವಿರಲಿಲ್ಲ.

ಮೊದಲ ವಾಯುವ್ಯ ಗಾಳಿ ಬೀಸಿ ಬೆಟ್ಟದ ನೆತ್ತಿಯಲ್ಲಿ ಹಿಮ ಕಂಡ ವಾರ, ಬೊನಾರಿಯಾ ಅಂಗಡಿಗೆ ನುಗ್ಗಿದಳು. ಬೊನಾರಿಯಾ ಎಂದರೆ ನಮ್ಮ ಬೀದಿಯ ರೇಡಿಯೊ. ಮೊಮ್ಮಗ ಎಫೀಸ್ ಹುಟ್ಟಿದ ಮೇಲೆ ಅದಕ್ಕೆ ಇನ್ನೊಂದು ಸ್ಪೀಕರ್ ಸೇರಿತ್ತು.

"ಒಡೀತು ಕಣೇ! ರಾತ್ರೋರಾತ್ರಿ ಟಿಕ್ ಅಂತ ಎರಡು ಹೋಳು! ಮಗು ನಗ್ತಾ ಮಲಗಿದೆ. ಗವೀನಾ ಎಲ್ಲಿ? ಅವಳ ಕೈಗೆ ಮುತ್ತು ಕೊಡ್ಬೇಕು!"

ಮರುದಿನ ಇನ್ನೊಬ್ಬಳು, ಅದರ ಮರುದಿನ ಮತ್ತಿಬ್ಬರು. ಗವೀನಾಳ ಕೈಯ ಮಣಿ ಕೆಟ್ಟ ಕಣ್ಣನ್ನು ತಕ್ಷಣ ಹಿಡಿಯುತ್ತದೆ ಎಂದು ಸುದ್ದಿ ಹಬ್ಬಿತು. ಪಕ್ಕದೂರಿನಿಂದ ಬಸ್ಸಿನಲ್ಲಿ ಬಂದರು. ನಾನೇನು ಬೇಡ ಅನ್ನಲಿಲ್ಲ. "ಹೌದಮ್ಮ, ಕೈಗುಣ" ಎಂದು ತಲೆಯಾಡಿಸಿ ಡಬ್ಬಿ ಕಟ್ಟಿದೆ.

ಆದರೆ ಇಷ್ಟು ಮಣಿ ಸಿಡಿಯಬೇಕಾದರೆ ಊರಲ್ಲಿ ಯಾವುದೋ ಭಾರೀ ಕಣ್ಣು ತಿರುಗಾಡುತ್ತಿರಬೇಕಲ್ಲ? ಯಾರದು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಹುಡುಕಿದರು, ಸಿಕ್ಕಳು. ಕಾರಂಜಿಯ ಪಕ್ಕದ ಮನೆಯ ರಿಮೆದಿಯಾ.

ರಿಮೆದಿಯಾ ಒಂಟಿ ಹೆಂಗಸು, ಬೂದಿ ಬಣ್ಣದ ಕಣ್ಣಿನವಳು. ಮದುವೆಗೆ, ನಾಮಕರಣಕ್ಕೆ ಬಾದಾಮಿ ಸಿಹಿ ಮಾಡಿಕೊಟ್ಟು ಬದುಕುವವಳು. ನಮ್ಮಲ್ಲಿ ಮಗುವನ್ನು ಹೊಗಳಿದವರು ಅದನ್ನು ಮುಟ್ಟಬೇಕು. ಮುಟ್ಟಿದರೆ ಹೊಗಳಿಕೆಯ ವಿಷ ಇಳಿಯುತ್ತದೆ. ರಿಮೆದಿಯಾ ಹೊಸ್ತಿಲಲ್ಲಿ ನಿಂತು "ಎಷ್ಟು ಮುದ್ದಾಗಿದೆ" ಎನ್ನುತ್ತಿದ್ದಳೇ ಹೊರತು ಮುಟ್ಟುತ್ತಿರಲಿಲ್ಲ. ಇನ್ನೇನು ಸಾಕ್ಷಿ ಬೇಕು? ಬೊನಾರಿಯಾ ಎಫೀಸ್‌ನ ನಾಮಕರಣದ ಸಿಹಿಯನ್ನು ಬೇಡವೆಂದಳು. ಮಿಕ್ಕವರೂ ಅದೇ ದಾರಿ ಹಿಡಿದರು. ತಾಯಂದಿರು ಮಗುವಿನ ಗಾಡಿ ತಳ್ಳಿಕೊಂಡು ಬರುವಾಗ ಅವಳ ಮನೆ ಕಂಡರೆ ಎದುರು ಬದಿಗೆ ದಾಟತೊಡಗಿದರು. ಅವಳ ಒಲೆಯಲ್ಲಿ ಹೊಗೆ ಕಾಣಿಸುವುದು ನಿಂತಿತು.

ಬಾಕೀಸಿಯೊ ಪಟ್ಟಿ ಬಿಚ್ಚಿಸಿಕೊಂಡು ಅಂಗಡಿಗೆ ಬಂದವನೇ ಸಿಡಿದ ಮಣಿಗಳನ್ನು ದೀಪದ ಕೆಳಗೆ ಸುರಿದು, ಭೂತಗನ್ನಡಿ ಹಿಡಿದು ಕೂತ. ಎಲ್ಲವೂ ಬಟ್ಟಲಿನ ಅಂಚಿನಲ್ಲೇ, ಒಂದೇ ರೀತಿ ಸೀಳಿದ್ದವು. ಮಾರದೆ ಉಳಿದಿದ್ದ ಒಂದನ್ನು ತೆಗೆದು ಉಗುರಲ್ಲಿ ತಳ್ಳಿದ. ಅದು ಕದಲಲಿಲ್ಲ.

"ಇದರ ಕತ್ತು ಯಾಕೆ ಹಿಸುಕಿದೀಯ?"

ಗವೀನಾ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. ತಾನೂ ಉಗುರಲ್ಲಿ ತಳ್ಳಿ ನೋಡಿದಳು. ಆಮೇಲೆ ಒಳಗಿನ ಫ್ರಿಜ್‌ಗೆ ಹೋಗಿ, ಮೇಲಿನ ಐಸಿನ ಅರೆಯಲ್ಲಿಟ್ಟು ಕಿವಿಗೊಟ್ಟು ನಿಂತಳು. ನನಗೆ ಇವಳಿಗೆ ತಲೆ ಕೆಟ್ಟಿತೆನಿಸಿತು. ಸ್ವಲ್ಪ ಹೊತ್ತಿಗೆ ಟಿಕ್ ಎಂದಿತು.

"ಗೊತ್ತಾಯ್ತು ಮಾವ! ಚಳಿಗೆ ಬೆಳ್ಳಿ ಕುಗ್ಗುತ್ತೆ, ಕಲ್ಲು ಅಷ್ಟು ಕುಗ್ಗಲ್ಲ. ಜಾಗ ಬಿಡದಿದ್ರೆ ಬೆಳ್ಳಿ ಕಲ್ಲನ್ನ ಹಿಂಡುತ್ತೆ. ಅದಕ್ಕೇ ತಿರುಗಬೇಕು!" ಹುಡುಗಿಯಂತೆ ಕುಣಿದಳು. ಮರುಕ್ಷಣ ಅವಳ ಮುಖ ಇಳಿದುಹೋಯಿತು. "ಹಾಗಾದ್ರೆ ರಿಮೆದಿಯಾ..."

"ಸುಮ್ನಿರು" ಎಂದೆ ನಾನು. "ಇನ್ಮೇಲೆ ಸರಿಯಾಗಿ ಮಾಡು. ಊರು ತಾನಾಗೇ ಮರೆಯುತ್ತೆ. ಈಗ ಬಾಯಿ ಬಿಟ್ರೆ ನಿನ್ನ ಕೈಯದು ಯಾರೂ ಮುಟ್ಟಲ್ಲ. ಅಂಗಡಿ ನಿನ್ನ ಹೆಸರಿಗೆ ಮಾಡೋ ಹೊತ್ತಲ್ಲಿ ಇದೆಲ್ಲ ಬೇಕಾ?"

"ಊರು ಮರೆಯೋ ತನಕ ಅವರು ಏನು ತಿನ್ನಬೇಕು ಅತ್ತೆ?"

ನನಗೆ ಕೋಪ ಬಂತು. ಖಾಲಿ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಹಾಕಿದೆ. ಬಾಕೀಸಿಯೊ ನನ್ನ ಕಡೆ ಹೊಸ ಕಣ್ಣಿನಿಂದ ನೋಡಿ ನಕ್ಕ. ಮಾಡುವುದೋ ಮಾರುವುದೋ ಎಂಬ ನಮ್ಮ ಜಗಳದಲ್ಲಿ ಆ ಒಂದು ಸುತ್ತು ಅವನು ಗೆದ್ದ.

ಮರುದಿನ ಬೊನಾರಿಯಾ ಬಂದಾಗ ಗವೀನಾ ನೇರವಾಗಿ ಹೇಳಿಯೇಬಿಟ್ಟಳು. "ತಪ್ಪು ನನ್ನದು. ನಾನು ಬಿಗಿಯಾಗಿ ಬಡಿದಿದ್ದೆ, ಚಳಿಗೆ ಒಡೆದಿದೆ. ದುಡ್ಡು ವಾಪಸ್ ತಗೊಳ್ಳಿ."

ಬೊನಾರಿಯಾ ಅವಳ ಕೆನ್ನೆ ಸವರಿದಳು. "ಎಂಥ ಒಳ್ಳೇ ಮನಸ್ಸಮ್ಮ ನಿಂದು. ಆ ರಿಮೆದಿಯಾನ ಉಳಿಸೋಕೆ ನಿನ್ನ ಹೆಸರೇ ಕೆಡಿಸ್ಕೋತಿದೀಯಲ್ಲ!"

ಕುಣಿಯಲಾರದವಳು ನೆಲ ಡೊಂಕು ಎನ್ನುವುದು ಲೋಕರೂಢಿ. ಇಲ್ಲಿ ಕುಣಿದವಳೇ ನನ್ನ ಕಾಲು ಡೊಂಕು ಎನ್ನುತ್ತಿದ್ದರೂ ಊರು ಕೇಳಲೊಲ್ಲದು.

"ಸರಿ, ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ತೊಮಾಜುವಿನ ಬಾರಿಗೆ ಬನ್ನಿ. ಎಲ್ಲರನ್ನೂ ಕರ್ಕೊಂಡು ಬನ್ನಿ" ಎಂದಳು ಗವೀನಾ. ಕರೆದುಕೊಂಡು ಬರುವ ಕೆಲಸ ಬೊನಾರಿಯಾಗೆ ಹೇಳಬೇಕೇ?

ಬಾರಿನಲ್ಲಿ ಗಾಜಿನ ಮುಚ್ಚಳದ ಐಸ್‌ಕ್ರೀಮ್ ಪೆಟ್ಟಿಗೆಯೊಂದಿದೆ, ಬೇಸಿಗೆ ಕಳೆದರೆ ಅದರಲ್ಲಿ ತೊಮಾಜು ಹಂದಿಮಾಂಸ ಇಡುತ್ತಾನೆ. ಗವೀನಾ ಎರಡು ಮಣಿ ಇಟ್ಟಳು. ಒಂದು ಅವಳು ಮೊದಲು ಬಡಿಯುತ್ತಿದ್ದಂಥ ಬಿಗಿಮಣಿ, ಇನ್ನೊಂದು ತಿರುಗುವ ಮಣಿ. ರಿಮೆದಿಯಾಳನ್ನು ನಾನೇ ಹೋಗಿ ಕರೆತಂದಿದ್ದೆ. ಬರುವುದಿಲ್ಲ ಎಂದು ಅತ್ತಳು, ಆಮೇಲೆ ತನ್ನ ಒಳ್ಳೆಯ ಕೋಟು ಹಾಕಿಕೊಂಡು ಬಂದಳು. ಅವಳನ್ನು ಪೆಟ್ಟಿಗೆಯ ಮುಂದೆ ಕೂರಿಸಿದೆವು.

"ತಿರುಗೋ ಮಣೀನೇ ನೋಡಿ. ಎಷ್ಟು ಕೆಟ್ಟದಾಗಿ ಸಾಧ್ಯವೋ ಅಷ್ಟು ಕೆಟ್ಟದಾಗಿ" ಎಂದಳು ಗವೀನಾ.

"ಹೇಗೆ ನೋಡೋದಮ್ಮ? ನನಗೆ ಅಭ್ಯಾಸ ಇಲ್ಲ."

"ತೆರಿಗೆಯವರನ್ನ ನೆನೆಸ್ಕೊಳ್ಳಿ" ಎಂದ ತೊಮಾಜು.

ಜನ ನಕ್ಕರು, ರಿಮೆದಿಯಾ ನಗಲಿಲ್ಲ. ಕೋಟಿನ ಗುಂಡಿಯನ್ನು ಹಿಡಿದುಕೊಂಡು ನೋಡುತ್ತಾ ಕೂತಳು. ಕಾಫಿಯಂತ್ರದ ಬುಸ್ ಕೂಡ ನಿಂತಿತ್ತು. ಟಿಕ್. ತೊಮಾಜು ಮುಚ್ಚಳ ತೆಗೆದ. ಬಿಗಿಮಣಿ ಎರಡು ಹೋಳಾಗಿತ್ತು. ಅವಳು ನೋಡುತ್ತಿದ್ದದ್ದು ಇಡಿಯಾಗಿತ್ತು.

"ಓರೆಗಣ್ಣಲ್ಲಿ ನೋಡಿದ್ಲು! ನಾನು ಕಂಡೆ!" ಬೊನಾರಿಯಾ ಕೂಗಿದಳು. "ಅವಳನ್ನ ಮನೆಗೆ ಕಳಿಸಿ. ಇನ್ನೊಂದು ಇಡಿ. ನಾನೇ ಕಾಯ್ತೀನಿ."

ಗವೀನಾ ರಿಮೆದಿಯಾಳನ್ನು ಬಾಗಿಲ ತನಕ ಬಿಟ್ಟು ಬಂದು ಇನ್ನೊಂದು ಬಿಗಿಮಣಿ ಇಟ್ಟಳು. ಬೊನಾರಿಯಾ ಎಫೀಸ್‌ನನ್ನು ಸೊಸೆಯ ಕೈಗೆ ಕೊಟ್ಟು, ಗಾಜಿಗೆ ಮೂಗು ಒತ್ತಿ ಕಣ್ಣು ಮಿಟುಕಿಸದೆ ಕಾದಳು. ಅವಳ ಉಸಿರಿಗೆ ಗಾಜು ಮಂಜಾಗುತ್ತಿತ್ತು, ಒರೆಸಿ ಒರೆಸಿ ನೋಡುತ್ತಿದ್ದಳು. "ನೋಡಿದ್ರಾ, ಏನೂ ಆಗ್ತಿಲ್ಲ. ಅವಳು ಇಲ್ಲದಿದ್ರೆ ಏನೂ..."

ಟಿಕ್.

ಎಲ್ಲರ ಕಣ್ಣೂ ಬೊನಾರಿಯಾಳ ಮೇಲೆ ನೆಟ್ಟವು. ಅವಳ ಸ್ವಂತ ಸೊಸೆ, ತನಗೇ ತಿಳಿಯದೆ, ಎಫೀಸ್‌ನ ಮುಖವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅದನ್ನು ಬೊನಾರಿಯಾ ನೋಡಿದಳು. ಅವಳ ಮುಖ ಸುಣ್ಣದಂತಾಯಿತು. ನನಗೆ ಅವಳ ಮೇಲೆ ಎಂದೂ ಬಾರದ ಕನಿಕರ ಆಗ ಬಂತು.

"ಚಳಿ!" ಎಂದು ಕಿರುಚಿದಳು. "ಚಳಿ ಕಣ್ರೋ! ಬೆಳ್ಳಿ ಕುಗ್ಗುತ್ತೆ! ಗವೀನಾ, ಹೇಳೇ ಇವರಿಗೆ! ನೀನು ತಾನೇ ಬಿಗಿಯಾಗಿ ಬಡಿದಿದ್ದು?"

"ಹೌದು, ನಾನೇ" ಎಂದಳು ಗವೀನಾ. "ನನ್ನ ಸುತ್ತಿಗೆಯೇ."

ಈ ಸಲ ನಂಬಿದರು. ಮುಂದಿನ ವಾರವಿಡೀ ಬಿಗಿಮಣಿಗಳು ವಾಪಸಾದವು. ಗವೀನಾ ಒಂದೊಂದನ್ನೂ ಬಿಚ್ಚಿ, ಜಾಗ ಬಿಟ್ಟು, ಮತ್ತೆ ಬಡಿದು ಕೊಟ್ಟಳು. ಹೊಸ ಗಿರಾಕಿ ಒಬ್ಬರೂ ಬರಲಿಲ್ಲ. ನಾನು ಕೌಂಟರಿನಲ್ಲಿ ನೊಣ ಹೊಡೆಯೋಣವೆಂದರೆ ಚಳಿಗಾಲದಲ್ಲಿ ನೊಣವೂ ಇರಲಿಲ್ಲ. ಆ ಖಾಲಿ ಅಂಗಡಿಯ ಬೀಗದ ಕೈಯನ್ನು ಬಾಕೀಸಿಯೊ ಗವೀನಾಳ ಏಪ್ರನ್ನಿನ ಜೇಬಿಗೆ ಹಾಕಿದ. ಅವನ ಮಾತಿನ ಗಂಟು ಆಗಲೇ ಮುಗಿದಿತ್ತು.

ಶನಿವಾರ ಬೊನಾರಿಯಾ ಎಫೀಸ್‌ನನ್ನು ಎತ್ತಿಕೊಂಡು ಬಂದು ಹೊಸ್ತಿಲಾಚೆಯೇ ನಿಂತಳು. "ನನ್ನ ಜೊತೆ ಬನ್ನಿ. ಒಬ್ಬಳೇ ಹೋಗೋಕೆ ಮುಖ ಇಲ್ಲ."

ರಿಮೆದಿಯಾ ಬಾಗಿಲು ತೆರೆದು, ಮಗುವನ್ನು ಕಂಡವಳೇ ಅಭ್ಯಾಸಬಲದಿಂದ ಹಿಂದಕ್ಕೆ ಸರಿದಳು. ಬೊನಾರಿಯಾ, ಗವೀನಾ, ನಾನು ಒಳಗೆ ಹೋಗಿ ಕೂತೆವು. ಕಾಫಿ ಬಂತು. ಕಡೆಗೆ ಬೊನಾರಿಯಾಳೇ, "ತಪ್ಪಾಯ್ತು ರಿಮೆದಿಯಾ" ಎಂದಳು. ಆಮೇಲೆ ಅವಳ ಹಳೇ ಬಾಯಿ ತಡೆಯಲಿಲ್ಲ: "ಆದ್ರೆ ನೀನೂ ಅಷ್ಟೇ, ಮಕ್ಕಳನ್ನ ಹೊಗಳ್ತೀಯ, ಮುಟ್ಟಲ್ಲ. ಯಾಕೆ ಮುಟ್ಟಲ್ಲ?"

"ಮುಟ್ಟೋ ಅಷ್ಟು ಹತ್ತಿರ ಯಾರು ತಂದ್ರು?"

ರಿಮೆದಿಯಾ ಇದನ್ನು ಕೋಪದಿಂದ ಹೇಳಲಿಲ್ಲ. ಯಾರೋ ದಾರಿ ಕೇಳಿದರೆ ಹೇಳುವಂತೆ ಹೇಳಿದಳು. ಬೊನಾರಿಯಾ ಲೋಟ ಕೆಳಗಿಟ್ಟಳು. ಎದ್ದುಹೋಗಿ ಎಫೀಸ್‌ನನ್ನು ಅವಳ ಮಡಿಲಲ್ಲಿ ಕೂರಿಸಿದಳು.

ರಿಮೆದಿಯಾಗೆ ಮಗುವನ್ನು ಹಿಡಿಯಲು ಬರುತ್ತಿರಲಿಲ್ಲ. ಗವೀನಾ ಮೊಣಕಾಲೂರಿ ಕೂತು, ಒಂದು ಕೈ ಕತ್ತಿನ ಹಿಂದೆ, ಒಂದು ಕೈ ಬೆನ್ನಿಗೆ ಎಂದು ತೋರಿಸಿದಳು, ತೀರಾ ಬಿಗಿ ಬೇಡ ಎಂದಳು. ಎಫೀಸ್ ಆ ಬೂದಿ ಕಣ್ಣುಗಳನ್ನೇ ನೋಡಿದ. ಅವಳೂ ನೋಡಿದಳು.

"ಹೇಗಿದಾನೆ ಹೇಳು" ಎಂದಳು ಬೊನಾರಿಯಾ.

"ಮೂಗು ಮಾತ್ರ ನಿಂದೇ, ಪಾಪ" ಎಂದಳು ರಿಮೆದಿಯಾ.

ನಾವೆಲ್ಲ ನಕ್ಕೆವು. ಬೊನಾರಿಯಾ ನಗುತ್ತಲೇ ಅತ್ತಳು. ಕಾಫಿ ಆರಿಹೋಯಿತು, ಹೊರಗೆ ದೀಪ ಹತ್ತಿದವು, ಎಫೀಸ್ ರಿಮೆದಿಯಾಳ ತೋಳಿನಲ್ಲೇ ನಿದ್ದೆ ಹೋದ. ಮಗುವನ್ನು ವಾಪಸ್ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ.