ದುಂಡಪ್ಪಜ್ಜನ ಪೇಟಿ, ಧೀರಜನ ಕಬ್ಬಿನ ಗಾಡಿ

ಗಡಹಿಂಗ್ಲಜದ ಸೋಮವಾರದ ಭಜನಿ ಅಂದ್ರ ದುಂಡಪ್ಪಜ್ಜ, ದುಂಡಪ್ಪಜ್ಜ ಅಂದ್ರ ಪೇಟಿ. ಹಾರ್ಮೋನಿಯಂ ಅನ್ನೋ ಉದ್ದಾನ ಹೆಸರು ನಮ್ಮ ಕಡೆ ಯಾರ ಬಾಯಾಗೂ ಬರಾಂಗಿಲ್ಲ. ಅಜ್ಜಗ ಎಪ್ಪತ್ತು ದಾಟೈತಿ. "ಸ್ವರ ತಪ್ಪಿದ ದಿನಾ ಪೇಟಿಗೆ ಕೈ ಮುಗದು ಎದ್ದುಬಿಡ್ತೇನಿ" ಅಂತ ಮೊದಲಿಂದ ಹೇಳ್ಕೋತ ಬಂದಾನ. ಹೇಳಿದ್ದನ್ನ ಮಾಡೋ ಪೈಕಿ ಮನಶ್ಯಾ. ಅದಕ್ಕಽ ಎಲ್ಲಾರಿಗೂ ಅಂಜಿಕಿ.

ಯಾಕಂದ್ರ ಸ್ವರ ತಪ್ಪಿ ಭಾಳ ದಿನಾ ಆಗಿತ್ತು. ಪೇಟಿ ಒಳಗಿನ ಗ ಸ್ವರದ ಹಿತ್ತಾಳಿ ಪಟ್ಟಿ ಸವದು ಸ್ವರ ಒಂದೀಟು ಕೆಳಗ ಇಳದಿತ್ತು. ಅಜ್ಜನ ಕಿವಿನೂ ಅದರ ಜೋಡಿ ಇಳದಿತ್ತು. ಮಂದಿ ಮಾತಾಡಿದ್ದು ಕೇಳತಿತ್ತು, ಸ್ವರದಾಗಿನ ಕೂದಲೆಳಿಯಷ್ಟು ಫರಕು ಕೇಳತಿರಲಿಲ್ಲ. ಭಜನಿ ಮಂಡಳಿಯವರಿಗೆ ಎಲ್ಲಾ ಗೊತ್ತು. ಆದ್ರ ಬೆಕ್ಕಿಗೆ ಗಂಟಿ ಕಟ್ಟೋರು ಯಾರು? ಕಡೀಕ ತಾಳ ಹಾಕೋ ಮಲ್ಲಿನಾಥಣ್ಣ ಒಂದು ಉಪಾಯ ತಗದ. ಪೇಟಿ ಇಳದ್ರ ನಾವೂ ಇಳಿಯೂಣು ಅಂದ. ಗ ಬಂದಲ್ಲಿ ಎಲ್ಲಾರೂ ಒಂದೀಟು ಕೆಳಗ ಹಾಡಾಕ ಸುರು ಮಾಡಿದ್ರು. ಈಗ ಅದು ಎಷ್ಟು ರೂಢಿ ಆಗೇತಿ ಅಂದ್ರ ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಹಂಗಽ ಹಾಡ್ಯಾರು. ಇಡೀ ಮಂಡಳಿ ಕೂಡಿ ಒಬ್ಬ ಮುದುಕನ ಮರ್ಯಾದಿ ಕಾಯಾಕ ಅಪಸ್ವರ ಕಲತಿತ್ತು ನೋಡ್ರಿ.

ಅಜ್ಜನ ಮೊಮ್ಮಗಳು ಪೂನಮ ಆ ಮಂಡಳಿಯಾಗ ಹಾಡತಿದ್ಲು. ಆಕಿನೂ ಇಳದಽ ಹಾಡತಿದ್ಲು. ಅಜ್ಜಿ ಹೋದ ಮ್ಯಾಲೆ ಅಜ್ಜ ಉಂಡದ್ದು, ನಕ್ಕದ್ದು ಎಲ್ಲಾ ಆ ಪೇಟಿ ಸಲುವಾಗಿ ಅಂತ ಆಕಿಗೆ ಗೊತ್ತಿತ್ತು. ಪೇಟಿ ಬಿಟ್ಟರ ಅಜ್ಜ ಮಲಗಿದಾವ ಏಳೂದಿಲ್ಲ ಅಂತ ಆಕಿ ಜೀವ ಹೆದರತಿತ್ತು.

ಹಿಂಗಿರಾಗ ಆಕಿ ಸೋದರತ್ತಿ ಮಗ ಧೀರಜ ಬಂದ. ಕೊಲ್ಹಾಪುರದಾಗ ಇಂಜಿನಿಯರಿಂಗ್ ಓದತಾನ. ಕಾಲೇಜಿನ ವಾರ್ಷಿಕ ಹಬ್ಬ, ಗ್ಯಾದರಿಂಗಿಗೆ ಒಂದು ವಿಡಿಯೋ ಗೇಮ್ ಮಾಡಿದ್ದ. ಬಟನ್ನಿಲ್ಲ ಗಿಟನ್ನಿಲ್ಲ, ಮೈಕಿನ ಮುಂದ ಖರೇ ವಾದ್ಯಾ ಬಾರಿಸಬೇಕು. ಪಡದೆ ಮ್ಯಾಲೆ ಕಬ್ಬಿನ ಗಾಡಿ. ಸಾ ಬಾರಿಸಿದ್ರ ಎತ್ತು ನಡೀತಾವ, ಪ ಬಾರಿಸಿದ್ರ ಓಡತಾವ, ತಗ್ಗು ಬಂದಾಗ ಗ ಬಾರಿಸಿದ್ರ ಗಾಡಿ ಜಿಗೀತೈತಿ. "ಅಜ್ಜಾ, ಗ್ಯಾದರಿಂಗಿನಾಗ ಮೊದಲನೇ ಆಟ ನಿಂದಽ" ಅಂದ. ಅಜ್ಜ ಹುಡುಗರಂಗ ಖುಷಿಯಾಗಿ ಪೇಟಿ ಎಳಕೊಂಡು ಕುಂತ.

ಸಾ ಅಂದ, ಎತ್ತು ನಡದುವು. ಪ ಅಂದ, ಓಡಿದುವು. ತಗ್ಗು ಬಂತು, ಗ ಅಂದ. ಗಾಡಿ ಧಪ್ಪಂತ ತಗ್ಗಿನಾಗ ಬಿತ್ತು, ಕಬ್ಬು ಚೆಲ್ಲಾಪಿಲ್ಲಿ. ಮತ್ತ ಬಾರಿಸಿದ, ಮತ್ತ ಬಿತ್ತು.

"ನಿನ್ನ ಎತ್ತಿಗೆ ಗ ಕಲಿಸಿಲ್ಲೇನಲೇ?" ಅಂತ ಅಜ್ಜ ನಕ್ಕ.

ಪೂನಮ ಧೀರಜನ ರಟ್ಟಿ ಹಿಡದು ಹಿತ್ತಲಕ್ಕ ಕರಕೊಂಡು ಹೋದ್ಲು. "ಎತ್ತಿಗೆ ಅಜ್ಜನ ಗ ಕಲಿಸು" ಅಂದ್ಲು.

"ಅದು ತಪ್ಪು ಸ್ವರ ಐತಲ್ಲ?"

"ಇರಲಿ. ನಿನಗ ಆಟ ದೊಡ್ಡದೋ, ಅಜ್ಜ ದೊಡ್ಡಾಂವೋ?"

ಧೀರಜ ತಲಿ ಕೆರಕೊಂಡ. ಆಮ್ಯಾಲೆ ಲ್ಯಾಪ್‌ಟಾಪ್ ತಗದು ಏನೋ ಒತ್ತಿ ಗೇಮಿನಾಗಿನ ಗ ಸ್ವರ ಇಳಿಸಿದ. ಅಜ್ಜ ಮತ್ತ ಬಾರಿಸಿದ, ಗಾಡಿ ಜಿಗೀತು. "ಈಗ ಶ್ಯಾಣ್ಯಾ ಆದುವು ನಿನ್ನ ಎತ್ತು" ಅಂದ ಅಜ್ಜ.

ಗ್ಯಾದರಿಂಗಿನ ದಿನಾ ಇಡೀ ಮಂಡಳಿ ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕ ಹೋತು. ಕಾಲೇಜಿನ ಹಾಲ್ ತುಂಬ ಮಂದಿ. ಅಜ್ಜ ರುಮಾಲು ಸುತ್ತಿ, ಪೇಟಿಗೆ ನಮಸ್ಕಾರ ಮಾಡಿ ಬಾರಿಸಿದ. ಒಂದೂ ತಗ್ಗಿನಾಗ ಬೀಳದಂಗ ಗಾಡಿ ಸಕ್ಕರಿ ಕಾರ್ಖಾನಿ ಗೇಟು ಮುಟ್ಟಿತು. ಚಪ್ಪಾಳೆ ಬಿದ್ದುವು. ಪೂನಮ ಧೀರಜನ ಕಡೆ ನೋಡಿದ್ಲು. ಮುಂದಿನವರು ಬರೂದ್ರಾಗ ಗ ಸ್ವರ ಮತ್ತ ಏರಿಸು ಅಂತ ಹೇಳಿಟ್ಟಿದ್ಲು.

ಏರಿಸಾಕ ಅಜ್ಜ ಬಿಡಬೇಕಲ್ಲ! ಖುಷಿಯಾಗ ಮಂದಿ ಕಡೆ ಕೈ ಮಾಡಿ, "ಯಾರ ಹತ್ರ ಪೇಟಿ ಐತಿ, ಈಗಿಂದೀಗ ಬರ್ರಿ" ಅಂದುಬಿಟ್ಟ. ಕಬನೂರದ ಮಂಗಲ ಆಟಕ್ಕಂತ ತಂದಿದ್ದ ತನ್ನ ಪೇಟಿ ಎತಗೊಂಡು ಬಂದ್ಲು. ಜೈನ ಬಸದಿ ಹೆಣ್ಣಮಕ್ಕಳ ಭಜನಿಗೆ ಬಾರಿಸಾಕಿ. ಮನೀ ತುಂಬ ಪವರ್‌ಲೂಮ್ ಮಗ್ಗ. ಆ ಖಟಾಖಟ್ ಸಪ್ಪಳದಾಗ ಮಾತಾಡಿ ಮಾತಾಡಿ ಆಕಿ ದನಿ ಊರಿಗೆಲ್ಲಾ ಕೇಳೂವಂಥಾದ್ದು.

ಮಂಗಲನ ಗಾಡಿ ಮೊದಲನೇ ತಗ್ಗಿನಾಗಽ ಬಿತ್ತು. ಮತ್ತ ಬಾರಿಸಿದ್ಲು, ಮತ್ತ ಬಿತ್ತು. ಹುಡುಗರು ನಕ್ರು. ಧೀರಜ ಗ ಏರಿಸಾಕ ಗಡಬಡಿಸಿ ಲ್ಯಾಪ್‌ಟಾಪ್ ಹುಡುಕಾಕ ಹತ್ತಿದ.

"ಬ್ಯಾಸರ ಮಾಡಕೋಬ್ಯಾಡ ತಂಗಿ, ನನ್ನ ಪೇಟಿ ಮ್ಯಾಲೆ ಬಾರಿಸು" ಅಂತ ಅಜ್ಜ ತಾನಽ ಪೇಟಿ ಸರಿಸಿ ಕೊಟ್ಟ.

ಮಂಗಲ ಗ ಒತ್ತಿದ್ಲು. ಗಾಡಿ ಜಿಗೀತು. ಆಕಿ ಮಾತ್ರ ಹುಬ್ಬು ಗಂಟು ಹಾಕಿ ಮತ್ತೊಮ್ಮೆ ಒತ್ತಿ ನೋಡಿದ್ಲು. "ಅಜ್ಜಾರ, ಇದರ ಗ ಇಳದೈತಲ್ರಿ! ಎಷ್ಟು ದಿನಾ ಆತ್ರಿ, ಮಿರಜದ ವಾದ್ಯಾ ಮಾಡೋರ ಹತ್ರ ಒಯ್ದು ಸರಿ ಮಾಡಸಿಲ್ಲೇನ್ರಿ?" ಅಂದ್ಲು. ಆಕಿ ಕೇಡು ಬಯಸಿ ಅಂದದ್ದಲ್ಲ. ಆದ್ರ ಆ ದನಿ ಹಾಲಿನ ಕಟ್ಟಕಡೀ ಖುರ್ಚಿಗೂ ಕೇಳಿತು.

ಅಜ್ಜ ಮಲ್ಲಿನಾಥಣ್ಣನ ಕಡೆ ನೋಡಿದ. ಮಲ್ಲಿನಾಥಣ್ಣ ತನ್ನ ಚಪ್ಪಲಿ ನೋಡಾಕತ್ತಿದ್ದ. ಮಂಡಳಿಯವರೆಲ್ಲಾ ನೆಲಾ ನೋಡಾಕತ್ತಿದ್ರು.

ಅಜ್ಜ ಮಂಗಲನ ಪೇಟಿ ತನ್ನ ಪೇಟಿ ಹತ್ರ ಎಳಕೊಂಡ. ಪೂನಮಗ ಇದಕ್ಕ ಗಾಳಿ ಹಾಕು ಅಂದ, ಮಂಗಲಗ ಅದಕ್ಕ ಹಾಕು ಅಂದ. ಎಡಗೈಲೆ ಒಂದರ ಗ, ಬಲಗೈಲೆ ಇನ್ನೊಂದರ ಗ ಕೂಡೇ ಒತ್ತಿ ಹಿಡದ. ಎರಡೂ ಸ್ವರ ಒಂದಕ್ಕೊಂದು ತಿಕ್ಕಾಡಿ ಗೊರಗೊರ ಅಂದುವು. ಮುಂದ ಕುಂತವರು ಮಾರಿ ಕಿವಿಚಿದ್ರು. ಅಜ್ಜ ಪೇಟಿಗೆ ಕಿವಿ ಹಚ್ಚಿ ಭಾಳೊತ್ತು ಕೇಳಿದ.

"ಎರಡೂ ಒಂದಽ ಐತಲ್ಲ, ಪೂನಮ?"

ಹೌದಜ್ಜಾ ಅನ್ನೂದು ಎಷ್ಟು ಹಗೂರಿತ್ತು. ಬಾಯಿತನಕ ಬಂದಿತ್ತು.

"ಇಲ್ಲಜ್ಜಾ. ಒಂದಲ್ಲ."

ಅಜ್ಜ ಕೈ ತಗದ. ತನ್ನ ಪೇಟಿಗೆ ಕೈ ಮುಗದು, ನೆಲಕ್ಕ ಕೈ ಊರಿ ಎದ್ದ. "ಮಲ್ಲಿನಾಥಾ, ಆ ತಾಳ ಇಲ್ಲಿ ಕೊಡು" ಅಂದ. ಮಂಗಲನ ಪೇಟಿ ತೋರಿಸಿ, "ಪೂನಮ, ನೀ ಕುಂದ್ರು. ಇಷ್ಟು ದೂರ ಬಂದೇವಿ, ಒಂದು ಹಾಡರ ಖರೇ ಸ್ವರದಾಗ ಆಗಲಿ."

ಪೂನಮ ಕುಂತ್ಲು. ಕಣ್ಣೀರು ಒರಸಿಕೊಂಡು ಬಾರಿಸಿದ್ಲು. ಮಂಡಳಿ ಹಾಡಿತು. ಗ ಬಂತು ನೋಡ್ರಿ, ಪೇಟಿ ಖರೇ ಸ್ವರದಾಗಽ ನಿಂತಿತ್ತು, ಮಂಡಳಿ ಅಷ್ಟೂ ರೂಢಿ ಬಿಡದಽ ಒಂದೀಟು ಕೆಳಗ ಇಳೀತು. ಮಂಗಲ ಕಿವಿ ಮುಚ್ಚಿಕೊಂಡ್ಲು. ಅಜ್ಜ ಒಬ್ಬನಽ ಕಣ್ಣು ಮುಚ್ಚಿ, ತಾಳ ಹಾಕ್ಕೋತ, ತಲಿ ತೂಗಿದ.

"ಈಗ ಸರಿ ಆತು" ಅಂದ.

ಪೂನಮ ಪೇಟಿ ನಿಲ್ಲಿಸಿದ್ಲು.

"ಇನ್ನೂ ಆಗಿಲ್ಲಜ್ಜಾ" ಅಂದ್ಲು.

ಅಜ್ಜ ಕಣ್ಣು ತಗದ. ಮೊಮ್ಮಗಳ ಮಾರಿ ನೋಡಿದ, ಮಂಡಳಿಯವರ ಮಾರಿ ಒಂದೊಂದಾಗಿ ನೋಡಿದ.

"ಹಂಗಾದ್ರ ಮೊದಲಿಂದ ಹಾಡ್ರಿ" ಅಂದ. "ಯಾವಾಗ ಸರಿ ಆಗತೈತಿ ಅಂತ ನೀ ಹೇಳು, ಪೂನಮ. ನನಗ ಕೇಳಾಂಗಿಲ್ಲ."