ಝರ್ಯಾಳ ಕೆಂಪು ದಾರ

ರಕ್ತ ನಿಲ್ಲಿಸುವುದರಲ್ಲಿ ಉಸ್ತಿನ್ಯಾಳದು ಎತ್ತಿದ ಕೈ. ಕೊಡಲಿ ತಗುಲಿದವರು, ಕುಡುಗೋಲು ತಾಗಿದವರು, ಎಲ್ಲರೂ ಅವಳ ಬಾಗಿಲಿಗೇ ಓಡಿಬರುತ್ತಿದ್ದರು. ಕಡಲ ನಡುವೆ ಬಿಳಿಬಂಡೆಯ ಮೇಲೆ ಕೂತು ಕೆಂಪು ರೇಷ್ಮೆದಾರದಲ್ಲಿ ಹೊಲಿಯುವ ಚೆಲುವೆ, ಮುಂಜಾವಿನ ದೇವತೆ ಝರ್ಯಾ. ಅವಳನ್ನು ಕರೆದು, ಈ ಗಾಯವನ್ನೂ ಹೊಲಿದುಕೊಡು ತಾಯಿ ಎಂದು ಬೇಡುವುದೇ ಉಸ್ತಿನ್ಯಾಳ ಮಂತ್ರ. ತನ್ನ ರಕ್ತಕ್ಕೆ ತಾನೇ ಹೇಳಿಕೊಂಡರೆ ನಾಟುವುದಿಲ್ಲ. ಕಿರಿಯರಿಗೆ ಮಾತ್ರ ಕೊಡಬಹುದು. ಒಮ್ಮೆ ಕೊಟ್ಟರೆ ಕೊಟ್ಟವರ ಬಾಯಲ್ಲಿ ಅದು ಬರೀ ಮಾತು.

ಮಗಳು ಫೆಕ್ಲಾಳ ಮದುವೆಯಲ್ಲಿ ಪೆಟ್ಟಿಗೆ ತುಂಬುವಷ್ಟು ಬಟ್ಟೆಯೂ ಇರಲಿಲ್ಲ. ಬೀಗಿತ್ತಿ ಮೂಗು ಮುರಿದಳು. ಉಸ್ತಿನ್ಯಾಳಿಗೆ ಮೈಯೆಲ್ಲ ಉರಿಯಿತು. ಮಗಳ ಕಿವಿಯಲ್ಲಿ ಮಂತ್ರ ಊದಿ, "ಹೋಗೇ, ಇಂಥ ಬಳುವಳಿ ಯಾವ ಸೊಸೆ ತಂದಿದಾಳೆ ಅಂತ ಕೇಳು ನಿಮ್ಮತ್ತೇನ" ಎಂದಳು. ಜಂಬ, ಇನ್ನೇನು.

ಮರುವರ್ಷ ಬೆಳಗಿನ ಜಾವ, ಹೆರಿಗೆಗೆಂದು ಬಿಸಿಮಾಡಿದ ಸ್ನಾನದ ಗುಡಿಸಲಲ್ಲಿ ಫೆಕ್ಲಾ ಹೆಣ್ಣುಮಗು ಹೆತ್ತಳು. ರಕ್ತ ನಿಲ್ಲಲಿಲ್ಲ. ಹಾಸಿದ ಹುಲ್ಲು ತೊಯ್ದು, ಹಲಗೆಯೂ ತೊಯ್ದಿತು. ಉಸ್ತಿನ್ಯಾ ಮೂರು ಸಲ, ಒಂಬತ್ತು ಸಲ ಮಂತ್ರ ಹೇಳಿದಳು. ಕಿಟಕಿಯಾಚೆ ಝರ್ಯಾ ಎಂದಿನಂತೆ ಚೆಲುವಾಗಿ, ಕೆಂಪಗೆ ಬಂದು ನಿಂತಳು, ಸೂಜಿ ಎತ್ತಲಿಲ್ಲ.

"ನೀನೇ ಹೇಳ್ಕೊಳ್ಳೇ, ನನ್ನವ್ವ! ನಾಟಿದ್ರೂ ನಾಟ್ಬೋದು!" ಎಂದು ಉಸ್ತಿನ್ಯಾ ಮಗಳನ್ನು ಬೇಡಿಕೊಂಡಳು.

"ನಾಟಲ್ಲ ಸುಮ್ನಿರವ್ವ," ಎಂದಳು ಫೆಕ್ಲಾ. "ಕೂಸನ್ನ ಇಲ್ಲಿ ಕೊಡು."

ಕೂಸಿನ ಕಿವಿಗೆ ತುಟಿ ಹಚ್ಚಿ ಏನನ್ನೋ ಪಿಸುಗುಟ್ಟಿದಳು. ಬಿಸಿಲು ಬೇಲಿ ದಾಟುವ ಮುಂಚೆ ಆ ತುಟಿ ತಣ್ಣಗಾಯಿತು. ತನ್ನ ಜಂಬವೇ ಮಗಳನ್ನು ನುಂಗಿತೆಂದು ಉಸ್ತಿನ್ಯಾ ನೆಲಕ್ಕೆ ತಲೆ ಚಚ್ಚಿಕೊಂಡಳು.

ಆ ಕೂಸು ಗ್ಲಾಶಾಗೆ ಈಗ ನಾಲ್ಕು ವರ್ಷ. ಹೊಲದಲ್ಲಿ ರೈ ಧಾನ್ಯದ ಪೈರು ಕೊಯ್ಯುವಾಗ ಉಸ್ತಿನ್ಯಾಳ ಬೆರಳಿಗೆ ಕುಡುಗೋಲು ತಾಗಿತು. ಅವಳು ರಕ್ತ ಒರೆಸಲಿಲ್ಲ. ಮೊಮ್ಮಗಳ ಮುಂದೆ ಮಂಡಿಯೂರಿ ಬೆರಳು ಚಾಚಿದಳು.

"ನೀನು ಹುಟ್ಟಿದ ದಿನ ನಿಮ್ಮವ್ವ ನಿನ್ನ ಕಿವೀಲಿ ಏನೋ ಹೇಳಿದ್ಲು ಕಣೇ, ಬಂಗಾರಿ. ನೆನಪು ಮಾಡ್ಕೊಂಡು ಹೇಳು."

ಗ್ಲಾಶಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಆಮೇಲೆ ಬೆರಳಿಗೆ ಉಫ್ ಎಂದು ಊದಿದಳು.

"ಗೊತ್ತಾಗ್ತಿಲ್ಲಜ್ಜಿ. ಅವ್ವನ ದನಿ ಹೆಂಗಿತ್ತು?"

ಉಸ್ತಿನ್ಯಾ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. ಸತ್ವ ಹೋದ ಆ ಮಂತ್ರವನ್ನೇ, ನೆನಪಿದ್ದಷ್ಟು ಮಗಳ ದನಿಯಲ್ಲಿ ಹೇಳತೊಡಗಿದಳು. ಗ್ಲಾಶಾ ಬಾಯಿ ತೆರೆದು ಕೇಳುತ್ತಿದ್ದಳು. ರಕ್ತ ಕೂಳೆಯ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.